88 ನಿಮಿಷಕ್ಕೆ ಇಳಿದ 'ಆಂಬರ್ಸನ್ಸ್': ಡಿಸ್ಕ್ ನೋಡಿ, ಕಾದಂಬರಿ ಓದಿ ಬರೆದದ್ದು

'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' (1942) ಸಿನಿಮಾದ ಕೊನೆಯಲ್ಲಿ ಪರದೆ ಮೇಲೆ ಹೆಸರುಗಳು ಓಡುವುದಿಲ್ಲ. ಒಂದು ದನಿ ಒಬ್ಬೊಬ್ಬರ ಹೆಸರನ್ನೂ ಓದಿ ಹೇಳುತ್ತದೆ. ಕ್ಯಾಮೆರಾ ಹಿಡಿದವರು, ಸೆಟ್ ಹಾಕಿದವರು, ಎಡಿಟ್ ಮಾಡಿದವರು, ಆಮೇಲೆ ನಟರು. ಕಡೆಗೆ ಒಂದು ಮೈಕ್ ಕಾಣಿಸುತ್ತದೆ. "ಚಿತ್ರಕಥೆ ಬರೆದು ನಿರ್ದೇಶಿಸಿದವನು ನಾನು. ನನ್ನ ಹೆಸರು ಆರ್ಸನ್ ವೆಲ್ಸ್" ಅನ್ನುತ್ತದೆ ಆ ದನಿ. ಮೈಕ್ ಮೆಲ್ಲಗೆ ಹಿಂದೆ ಸರಿಯುತ್ತದೆ.

ಮೊದಲ ಸಲ ನೋಡಿದಾಗ ಇದೊಂದೂ ನನಗೆ ಸಿಗಲಿಲ್ಲ. ಆಗ ನೋಡಿದ್ದು ಒಂದು ಸ್ಟ್ರೀಮಿಂಗ್ ಆ್ಯಪ್‌ನಲ್ಲಿ. ಕಥೆ ಮುಗಿಯಿತು ಅಂತ ಅದಕ್ಕೆ ಅನ್ನಿಸಿದ ತಕ್ಷಣ ಚಿತ್ರ ಮೂಲೆಗೆ ಸೇರಿ ಅಂಚೆಚೀಟಿಯಷ್ಟಾಯಿತು. ಐದು, ನಾಲ್ಕು, ಮೂರು ಅಂತ ಎಣಿಸಿ ಯಾವುದೋ ಬೇರೆ ಸಿನಿಮಾ ಶುರು ಮಾಡಿಬಿಟ್ಟಿತು. ರಿಮೋಟ್ ಹುಡುಕುವಷ್ಟರಲ್ಲಿ ವೆಲ್ಸ್ ಮಾತು ಮುಗಿದಿತ್ತು. ಆ ಬೇಜಾರಿಗೇ ನಾನು, ಹಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಕ್ರೈಟೀರಿಯನ್ ಕಂಪನಿಯವರು 2018ರಲ್ಲಿ ತಂದ ಇದರ ಬ್ಲೂ-ರೇ ಡಿಸ್ಕ್ ತರಿಸಿಕೊಂಡೆ. ಜೊತೆಗೆ ಬೂತ್ ಟಾರ್ಕಿಂಗ್ಟನ್ ಬರೆದ ಮೂಲ ಕಾದಂಬರಿಯನ್ನೂ ಓದಿದೆ. ಎರಡನ್ನೂ ಸೇರಿಸಿಯೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದರ ಬಗ್ಗೆ ಹೇಳಿದರೆ ಅರ್ಧ ಹೇಳಿದ ಹಾಗೆ.

ನನ್ನ ಕೆಲಸ ಸಬ್‌ಟೈಟಲ್ ಬರೆಯುವುದು. ಬೇರೆಯವರ ಮಾತನ್ನು ಎರಡು ಸಾಲಿಗೆ ಇಳಿಸುವುದು ದಿನವಿಡೀ ಮಾಡುವ ಕೆಲಸ. ಒಂದೇ ದೃಶ್ಯವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸುವುದು ಅಭ್ಯಾಸವಾಗಿದೆ. ಹಾಗಾಗಿ ಎಲ್ಲಿ ಕತ್ತರಿ ಬಿದ್ದಿದೆ ಅನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಈ ಸಿನಿಮಾದಲ್ಲಿ ಅದು ಗೊತ್ತಾದಷ್ಟು ನೋವು ಬೇರೆ ಯಾವುದರಲ್ಲೂ ಆಗಿಲ್ಲ.

ಮೊದಲು ಕಾದಂಬರಿ. 1918ರಲ್ಲಿ ಬಂತು, 1919ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅಮೆರಿಕದ ನಡುಭಾಗದ ಒಂದು ಊರು. ಅಲ್ಲಿ ಆಂಬರ್ಸನ್ ಅನ್ನುವ ದೊಡ್ಡ ಮನೆತನ. 1873ರಲ್ಲಿ, ಬೇರೆಯವರೆಲ್ಲ ದುಡ್ಡು ಕಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ, ಮನೆಯ ಹಿರಿಯ ಮೇಜರ್ ಆಂಬರ್ಸನ್ ದುಡ್ಡು ಮಾಡಿದ. ಅವನ ಮಗಳು ಇಸಬೆಲ್. ಅವಳ ಒಬ್ಬನೇ ಮಗ ಜಾರ್ಜ್, ಮುದ್ದು ಜಾಸ್ತಿಯಾಗಿ ಕೆಟ್ಟವನು. ಇಸಬೆಲ್‌ಳನ್ನು ಹಿಂದೆ ಪ್ರೀತಿಸಿದ್ದ ಯೂಜೀನ್ ಈಗ ಮೋಟಾರು ಗಾಡಿ ತಯಾರಿಸುತ್ತಾನೆ. ಆ ಗಾಡಿಗಳೇ ಊರನ್ನು ಹಿಗ್ಗಿಸುತ್ತವೆ. ಹೊಗೆ ತುಂಬುತ್ತದೆ, ಮಸಿ ಕೂರುತ್ತದೆ, ಹಳೆಯ ಬೀದಿಗಳು ಬಾಡಿಗೆ ಮನೆಗಳಾಗುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ ಆಂಬರ್ಸನ್‌ಗಳು ಮಾತ್ರ ಹಳೆಯ ಗತ್ತಿನಲ್ಲೇ ಇರುತ್ತಾರೆ. ಜಾರ್ಜನಿಗೆ ಒಂದು ದಿನ ತಕ್ಕ ಶಾಸ್ತಿಯಾಗಲಿ ಅಂತ ಇಡೀ ಊರು ಕಾಯುತ್ತದೆ. ಶಾಸ್ತಿ ಆಗುತ್ತದೆ. ಆದರೆ ಅಷ್ಟು ಹೊತ್ತಿಗೆ ಅದನ್ನು ನೋಡಿ ಖುಷಿಪಡಬೇಕಾದವರು ಯಾರೂ ಉಳಿದಿರುವುದಿಲ್ಲ.

ಟಾರ್ಕಿಂಗ್ಟನ್ ಬರವಣಿಗೆ ಸರಾಗ. ಹಳೆಯ ಟ್ರಾಮ್ ಒಬ್ಬ ಹೆಂಗಸಿಗಾಗಿ ಮನೆ ಮುಂದೆ ನಿಂತು ಕಾಯುತ್ತಿದ್ದ ಕಾಲವನ್ನು ವರ್ಣಿಸಿ ಅವರು ಒಂದು ಮಾತು ಹೇಳುತ್ತಾರೆ: ನಾವು ಎಷ್ಟು ಬೇಗ ಹೋಗುತ್ತೇವೋ ನಮಗೆ ಅಷ್ಟು ಕಡಿಮೆ ಪುರುಸೊತ್ತು. ಇಂಥ ಸಾಲುಗಳನ್ನು ವೆಲ್ಸ್ ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡು ತಮ್ಮ ದನಿಯಲ್ಲೇ ಓದುತ್ತಾರೆ. ಸಿನಿಮಾದ ಮೊದಲ ಹತ್ತು ನಿಮಿಷ ನೋಡಿ. ಕಾದಂಬರಿಯನ್ನು ಪರದೆಗೆ ತರುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಟೋಪಿ, ಪ್ಯಾಂಟು, ಕೋಟುಗಳ ಫ್ಯಾಷನ್ ಬದಲಾಗುತ್ತಾ ಹೋಗುತ್ತದೆ. ಊರಿನವರ ಚಾಡಿ ಮಾತುಗಳೇ ಕಥೆ ಹೇಳುತ್ತವೆ. ಎಷ್ಟೋ ಪುಟಗಳು ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ, ಏನೂ ಕಳೆದುಹೋದ ಹಾಗೆ ಅನ್ನಿಸುವುದಿಲ್ಲ. ಇದೂ ಕತ್ತರಿಯೇ. ಆದರೆ ಬರೆಯುವವನ ಕೈಯಲ್ಲಿದ್ದ ಕತ್ತರಿ.

ನನಗೆ ತುಂಬಾ ಇಷ್ಟವಾದ ದೃಶ್ಯ ಅಡುಗೆಮನೆಯದು. ಹೊರಗೆ ಮಳೆ. ಜಾರ್ಜ್ ಸ್ಟ್ರಾಬೆರಿ ಕೇಕನ್ನು ಗಬಗಬ ತಿನ್ನುತ್ತಿದ್ದಾನೆ. ಅತ್ತೆ ಫ್ಯಾನಿ ಪಕ್ಕದಲ್ಲಿ ಕೂತು ಬಡಿಸುತ್ತಿದ್ದಾಳೆ. ಫ್ಯಾನಿಗೆ ಮದುವೆಯಾಗಿಲ್ಲ. ಯೂಜೀನ್ ಮೇಲೆ ಅವಳಿಗೂ ಮನಸ್ಸಿದೆ, ಅದನ್ನು ಹೇಳಿಕೊಳ್ಳುವ ಹಾಗಿಲ್ಲ. ಜಾರ್ಜ್ ಮುಗಿಸಿ ಬಂದ ಪ್ರಯಾಣದಲ್ಲಿ ಯೂಜೀನ್ ಜೊತೆಗಿದ್ದನಾ ಅನ್ನುವುದು ಅವಳಿಗೆ ಬೇಕು. ನೇರವಾಗಿ ಕೇಳಲಾರಳು. ಸಿಹಿ ಸಾಕಾ ಅಂತ ಕೇಳುತ್ತಾಳೆ, ಮೆಲ್ಲಗೆ ತಿನ್ನು ಅನ್ನುತ್ತಾಳೆ, ನಡುವೆ ಸುಮ್ನೆ ಕೇಳಿದ ಹಾಗೆ ಅವನ ಮಾತು ತೆಗೆಯುತ್ತಾಳೆ. ಕ್ಯಾಮೆರಾ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ನಿಮಿಷಗಟ್ಟಲೆ ಒಂದೇ ಕಡೆ ನಿಂತು ನೋಡುತ್ತದೆ. ಆಮೇಲೆ ಮಾವ ಜ್ಯಾಕ್ ಬಂದು ಇಬ್ಬರೂ ಸೇರಿ ಯೂಜೀನ್ ಹೆಸರೆತ್ತಿ ಅವಳನ್ನು ಕಾಡಿಸುತ್ತಾರೆ. ಅವಳ ಅಳು ಒಮ್ಮೆಲೇ ಕಟ್ಟೆಯೊಡೆಯುತ್ತದೆ. ಎದ್ದು ಹೊರಟುಬಿಡುತ್ತಾಳೆ. ಫ್ಯಾನಿ ಪಾತ್ರ ಮಾಡಿದ ಆಗ್ನೆಸ್ ಮೂರ್‌ಹೆಡ್‌ಗೆ ಆ ವರ್ಷ ನ್ಯೂಯಾರ್ಕ್ ಚಿತ್ರ ವಿಮರ್ಶಕರ ಬಳಗದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಈ ದೃಶ್ಯ ನೋಡಿದವರು ಯಾಕೆ ಅಂತ ಕೇಳುವುದಿಲ್ಲ.

ಆದರೆ ಆ ದೃಶ್ಯ ಅಲ್ಲಿಗೇ ಮುಗಿಯಬೇಕಾಗಿರಲಿಲ್ಲ. ವೆಲ್ಸ್ ಚಿತ್ರೀಕರಿಸಿದ್ದರಲ್ಲಿ ಜಾರ್ಜ್ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಅಡಿಪಾಯಕ್ಕೆ ಗುಂಡಿ ತೋಡಿದ್ದಾರೆ. ತಾತ ಬಾಡಿಗೆಗೆ ಮನೆ ಕಟ್ಟಿಸುತ್ತಿದ್ದಾನೆ. ಮನೆತನಕ್ಕೆ ದುಡ್ಡಿನ ಮುಗ್ಗಟ್ಟು ಬಂದಿದೆ ಅನ್ನುವುದು ಆ ಮಳೆಯಲ್ಲಿ ಅವನಿಗೆ ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಈಗಿರುವ ಸಿನಿಮಾದಲ್ಲಿ ಅದು ಇಲ್ಲ. ಇದೊಂದೇ ಅಲ್ಲ. ಊರು ಬದಲಾಗುವುದು, ಹೊಗೆ ದಟ್ಟವಾಗುವುದು, ಮನೆತನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು, ಇವೆಲ್ಲ ದ್ವಿತೀಯಾರ್ಧದಲ್ಲಿ ತುಂಡು ತುಂಡಾಗಿವೆ. ಕಾದಂಬರಿಯ ಬೆನ್ನೆಲುಬೇ ಅದು. ಅದನ್ನು ಓದಿದವರಿಗೆ ಎಲ್ಲಿ ಖಾಲಿ ಇದೆ ಅಂತ ಕೂಡಲೇ ಗೊತ್ತಾಗುತ್ತದೆ. ಓದದವರಿಗೆ ಕಡೆಯ ಅರ್ಧ ಗಂಟೆ ಯಾಕೋ ಅವಸರ ಅನ್ನಿಸುತ್ತದೆ, ಅಷ್ಟೆ.

ಹೀಗಾದದ್ದು ಹೇಗೆ? ವೆಲ್ಸ್ ಮೊದಲ ಸಿನಿಮಾ 'ಸಿಟಿಜನ್ ಕೇನ್' ಮಾಡಿದಾಗ ಕಡೆಯ ಮಾತು ಅವರದೇ ಆಗಿತ್ತು. ಆರ್‌ಕೆಒ ಸ್ಟುಡಿಯೋ ಆ ಹಕ್ಕು ಬರೆದುಕೊಟ್ಟಿತ್ತು. ಆ ಸಿನಿಮಾಕ್ಕೆ ಹೊಗಳಿಕೆ ಬಂತು, ದುಡ್ಡು ಬರಲಿಲ್ಲ. ಎರಡನೆಯ ಸಿನಿಮಾದ ಹೊತ್ತಿಗೆ ಒಪ್ಪಂದ ಬದಲಾಗಿ ಫೈನಲ್ ಕಟ್ ಹಕ್ಕು, ಅಂದರೆ ಸಿನಿಮಾದ ಕಡೆಯ ರೂಪ ತೀರ್ಮಾನಿಸುವ ಹಕ್ಕು, ಕೈ ತಪ್ಪಿತ್ತು. 1941ರ ಅಕ್ಟೋಬರ್ ಕೊನೆಯಲ್ಲಿ ಚಿತ್ರೀಕರಣ ಶುರು. ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ, ಅಮೆರಿಕ ಯುದ್ಧಕ್ಕೆ ಇಳಿಯಿತು. 1942ರ ಫೆಬ್ರುವರಿಯಲ್ಲಿ ವೆಲ್ಸ್ ಇನ್ನೊಂದು ಸಿನಿಮಾಕ್ಕಾಗಿ ಬ್ರೆಜಿಲ್‌ಗೆ ಹೊರಟರು. ಎಡಿಟಿಂಗ್ ರಾಬರ್ಟ್ ವೈಸ್ ಕೈಯಲ್ಲಿ. ಮಾತುಕತೆಯೆಲ್ಲ ತಂತಿ ಸಂದೇಶದಲ್ಲಿ. ಆ ಹೊತ್ತಿಗೆ ಸಿನಿಮಾದ ಉದ್ದ ಎರಡು ಗಂಟೆ ಹತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ.

ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದ ಪೊಮೋನಾ ಊರಿನಲ್ಲಿ ಪ್ರಿವ್ಯೂ ಹಾಕಿದರು. ಅದಕ್ಕೂ ಮೊದಲು ಅದೇ ಥಿಯೇಟರಿನಲ್ಲಿ ತೋರಿಸಿದ್ದು ನಾವಿಕರ ಹಾಡು-ಕುಣಿತದ ಸಿನಿಮಾ. ಅದನ್ನು ನೋಡಿ ನಕ್ಕು ಕೂತಿದ್ದವರ ಮುಂದೆ ಈ ಕತ್ತಲು ತುಂಬಿದ ಕಥೆ ಬಂತು. ಬಂದ 125 ಅಭಿಪ್ರಾಯ ಚೀಟಿಗಳಲ್ಲಿ 72 ಬೇಡ ಅಂದವು, 53 ಚೆನ್ನಾಗಿದೆ ಅಂದವು. ಈ ಲೆಕ್ಕವನ್ನು ನಾನು ಎಷ್ಟು ಸಲ ನೋಡಿದ್ದೇನೋ. 53 ಕಡಿಮೆಯಾ? ನೂರಕ್ಕೆ 42 ಜನ. ಎರಡು ದಿನ ಬಿಟ್ಟು ಪ್ಯಾಸಡೀನಾದಲ್ಲಿ ಹಾಕಿದಾಗ ಇನ್ನೂ ಒಳ್ಳೆಯ ಮಾತು ಬಂತು. ಆದರೆ ಸ್ಟುಡಿಯೋದವರ ಕಿವಿಯಲ್ಲಿ ಉಳಿದದ್ದು ಪೊಮೋನಾದ ನಗು, ಕೂಗು. ಮಿಲಿಯನ್ ಡಾಲರಿಗೂ ಜಾಸ್ತಿ ಸುರಿದಿದ್ದರು, ಕಂಪನಿ ಸಂಕಷ್ಟದಲ್ಲಿತ್ತು. ಅಧ್ಯಕ್ಷ ಜಾರ್ಜ್ ಶೇಫರ್ ಕುರ್ಚಿ ಅಲ್ಲಾಡುತ್ತಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪೊಮೋನಾದಲ್ಲಿ ತೋರಿಸಿದ ಪ್ರತಿಯಲ್ಲಿ ವೆಲ್ಸ್ ತಾವೇ ಬ್ರೆಜಿಲ್‌ನಿಂದ ಹೇಳಿ ತೆಗೆಸಿದ ದೊಡ್ಡದೊಂದು ಭಾಗ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ದೂರದಲ್ಲಿದ್ದು, ಪ್ರೇಕ್ಷಕರ ಮುಖ ನೋಡದೆ ತೆಗೆದುಕೊಂಡ ಆ ತೀರ್ಮಾನ ಸಿನಿಮಾವನ್ನು ಇನ್ನಷ್ಟು ತೊಡಕು ಮಾಡಿರಬಹುದು. ಮಗುವನ್ನು ಬಿಟ್ಟು ಹೋಗಬಾರದ ಹೊತ್ತಿನಲ್ಲಿ ಅವರು ಬಿಟ್ಟು ಹೋದರು. ಆ ತಪ್ಪಿನ ಬೆಲೆ ಇಷ್ಟಾಗಬೇಕಿರಲಿಲ್ಲ.

ಆಮೇಲೆ ನಡೆದದ್ದು ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 40 ನಿಮಿಷಕ್ಕೂ ಜಾಸ್ತಿ ತೆಗೆದರು. ಕೆಲವು ದೃಶ್ಯಗಳನ್ನು ಬೇರೆಯವರು ಹೊಸದಾಗಿ ಚಿತ್ರೀಕರಿಸಿದರು. ಈಗಿರುವ ಕಡೆಯ ದೃಶ್ಯವನ್ನು ಚಿತ್ರೀಕರಿಸಿದ್ದು ಸಹಾಯಕ ನಿರ್ದೇಶಕ ಫ್ರೆಡಿ ಫ್ಲೆಕ್. ಸಂಗೀತ ಮಾಡಿದ್ದ ಬರ್ನಾರ್ಡ್ ಹರ್ಮನ್ ಅವರ ಕೆಲಸದ ಅರ್ಧಕ್ಕೂ ಜಾಸ್ತಿ ತೆಗೆದುಹಾಕಿ ಕೆಲವು ಕಡೆ ರಾಯ್ ವೆಬ್ ಅವರಿಂದ ಬೇರೆ ಸಂಗೀತ ಹಾಕಿಸಿದರು. ಹರ್ಮನ್ ಸಿಟ್ಟಾಗಿ ನನ್ನ ಹೆಸರು ತೆಗೆಯಿರಿ ಅಂದರು, ತೆಗೆದರು. ಜುಲೈ 10ರಂದು 88 ನಿಮಿಷದ ಸಿನಿಮಾ ಬಿಡುಗಡೆಯಾಯಿತು. ಒಂದು ಹಾಸ್ಯ ಸಿನಿಮಾದ ಜೊತೆ ಜೋಡಿ ಮಾಡಿ ಓಡಿಸಿದರು. ಇಷ್ಟೆಲ್ಲ ಮಾಡಿಯೂ ಆರು ಲಕ್ಷ ಡಾಲರಿನಷ್ಟು ನಷ್ಟವೇ ಆಯಿತು. ದುಡ್ಡಿಗಾಗಿ ಕತ್ತರಿಸಿದರು, ದುಡ್ಡೂ ಬರಲಿಲ್ಲ. ತೆಗೆದ ತುಂಡುಗಳ ನೆಗೆಟಿವ್‌ಗಳನ್ನು ಆಮೇಲೆ ನಾಶ ಮಾಡಿದರು. ವೆಲ್ಸ್ ನೋಡಲಿ ಅಂತ ಬ್ರೆಜಿಲ್‌ಗೆ ಕಳಿಸಿದ್ದ ಒಂದು ಪ್ರಿಂಟ್ ಎಲ್ಲಿ ಹೋಯಿತೋ, ಹುಡುಕಿದವರಿಗೆ ಸಿಕ್ಕಿಲ್ಲ. ಹೊಸ ಆಡಳಿತ ಬಂದ ಮೇಲೆ ಆರ್‌ಕೆಒ ಇಟ್ಟುಕೊಂಡ ಘೋಷವಾಕ್ಯದ ಅರ್ಥ ಹೀಗೆ: ಪ್ರತಿಭೆಯ ಜಾಗದಲ್ಲಿ ಪ್ರದರ್ಶನ ಕಲೆ. ಬರೆದು ಹಾಕಿಕೊಂಡಿದ್ದರು!

ಈಗ ಕಡೆಯ ದೃಶ್ಯದ ವಿಷಯ. ನಾನು ಕಾದಂಬರಿ ಓದಿದ್ದು ಇದಕ್ಕೇ. ಓದಿದ ಮೇಲೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಸ್ಟುಡಿಯೋ ಸೇರಿಸಿದ ಕೊನೆಯಲ್ಲಿ ಯೂಜೀನ್ ಮತ್ತು ಫ್ಯಾನಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದು ಬರುತ್ತಾರೆ. ಜಾರ್ಜ್ ಒಳಗೆ ಮಲಗಿದ್ದಾನೆ, ಗಾಡಿ ಬಡಿದು ಕಾಲು ಮುರಿದಿದೆ. ಇಸಬೆಲ್‌ಳನ್ನು ನನ್ನಿಂದ ದೂರ ಮಾಡಿದ್ದಕ್ಕೆ ಅವನು ಕ್ಷಮೆ ಕೇಳಿದ, ನಾನು ನನ್ನ ಪ್ರೀತಿಗೆ ಕಡೆಗೂ ನಿಷ್ಠನಾದೆ ಅಂತ ಯೂಜೀನ್ ಹೇಳುತ್ತಾನೆ. ಇಬ್ಬರ ಮುಖದಲ್ಲೂ ನಗು. ಬೆಳಕು ಚಪ್ಪಟೆ, ಸಂಗೀತ ಸಕ್ಕರೆ ಪಾಕ. ಅಷ್ಟು ಹೊತ್ತು ನೋಡಿದ ಸಿನಿಮಾದ ಗಾಳಿಯೇ ಇಲ್ಲಿ ಇಲ್ಲ. ಹಾಗಾಗಿ ಇದು ಕಾದಂಬರಿಗೂ ಮಾಡಿದ ಮೋಸ ಅಂತ ನಾನು ನಂಬಿದ್ದೆ. ನೋಡಿದರೆ ಕಾದಂಬರಿ ಮುಗಿಯುವುದೂ ಆಸ್ಪತ್ರೆಯಲ್ಲೇ! ಜಾರ್ಜ್ ಅಲ್ಲೂ ಕ್ಷಮೆ ಕೇಳುತ್ತಾನೆ. ನಿಷ್ಠೆಯ ಆ ಮಾತೂ ಪುಸ್ತಕದ್ದೇ.

ಪುಸ್ತಕ ಬಿಟ್ಟು ಹೋದವರು ವೆಲ್ಸ್. ಅವರ ಕೊನೆಯಲ್ಲಿ ಯೂಜೀನ್ ಆಸ್ಪತ್ರೆಯಿಂದ ನೇರ ಫ್ಯಾನಿ ಇರುವ ಬಾಡಿಗೆ ಕೋಣೆಗಳ ಮನೆಗೆ ಹೋಗುತ್ತಾನೆ. ಅವಳು ತೂಗುಕುರ್ಚಿಯಲ್ಲಿ ಕೂತಿದ್ದಾಳೆ. ಹಿಂದೆ ಗ್ರಾಮಫೋನಿನಲ್ಲಿ ಯಾವುದೋ ಹಾಸ್ಯದ ರೆಕಾರ್ಡು ಓಡುತ್ತಿದೆ. ಅವನು ಜಾರ್ಜ್ ಕ್ಷಮೆ ಕೇಳಿದ್ದನ್ನು ಹೇಳುತ್ತಾನೆ. ಅವಳಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಇಬ್ಬರ ನಡುವೆ ಹೇಳಲು ಏನೂ ಉಳಿದಿಲ್ಲ. ಅವನು ಹೊರಗೆ ಬಂದರೆ ಊರು ತುಂಬಾ ಗಾಡಿಗಳು. ಇಷ್ಟನ್ನು ನಾವು ತಿಳಿಯುವುದು ಉಳಿದಿರುವ ಕಾಗದಪತ್ರ ಮತ್ತು ಫೋಟೋಗಳಿಂದ ಮಾತ್ರ.

ಅಂದರೆ ಸ್ಟುಡಿಯೋದವರು ಪುಸ್ತಕಕ್ಕೆ ಹತ್ತಿರ ಹೋಗಿಯೇ ಸಿನಿಮಾ ಕೆಡಿಸಿದರು. ಪುಸ್ತಕದಲ್ಲಿ ಆ ಕೊನೆಗೆ ಮುಂಚೆ ಊರಿನ ಹೊಗೆ, ಮಸಿ, ಬದಲಾದ ಬೀದಿಗಳ ಅಷ್ಟು ಪುಟಗಳಿವೆ. ಅದನ್ನೆಲ್ಲ ದಾಟಿ ಬಂದವರಿಗೆ ಆ ಕ್ಷಮೆ ಒಗ್ಗುತ್ತದೆ. ಆ ಪುಟಗಳನ್ನೇ ತೆಗೆದು ಕೊನೆಯೊಂದನ್ನು ಇಟ್ಟರೆ ಅದು ಅಂಟಿಸಿದ ಬಾಲ. ಸಿನಿಮಾ ಕಾದಂಬರಿಯ ಹಾಗೇ ಇಲ್ಲ ಅನ್ನುವ ದೂರನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಈಗ ಹಾಗೆ ಹೇಳುವ ಮೊದಲು, ಯಾರು ಬದಲಾಯಿಸಿದರು, ಯಾಕೆ ಅಂತ ನೋಡುತ್ತೇನೆ. ವೆಲ್ಸ್ ಬದಲಾಯಿಸಿದ್ದು ಫ್ಯಾನಿಗಾಗಿ. 1939ರಲ್ಲಿ ಅವರು ಇದೇ ಕಾದಂಬರಿಯನ್ನು ಒಂದು ಗಂಟೆಯ ರೇಡಿಯೋ ನಾಟಕ ಮಾಡಿದ್ದರು. ಅದು ಈ ಡಿಸ್ಕಿನಲ್ಲಿದೆ. ಅದರಲ್ಲಿ ಫ್ಯಾನಿ ಪಾತ್ರವೇ ಇಲ್ಲ! ಮೂರೇ ವರ್ಷದಲ್ಲಿ ಅವರು ಪುಸ್ತಕವನ್ನು ಮತ್ತೆ ಓದಿ, ಮೂಲೆಯಲ್ಲಿದ್ದ ಈ ಹೆಂಗಸನ್ನು ಕಂಡು, ಇಡೀ ಸಿನಿಮಾವನ್ನು ಅವಳ ಮುಖದ ಮೇಲೆ ಮುಗಿಸಲು ಹೊರಟರು. ರೇಡಿಯೋ ನಾಟಕ ಕೇಳಿ, ಆಮೇಲೆ ಸಿನಿಮಾ ನೋಡಿ. ಒಬ್ಬ ಓದುಗ ಬೆಳೆದದ್ದು ಕಿವಿಗೆ ಕೇಳಿಸುತ್ತದೆ.

ಫ್ಯಾನಿಯ ಇನ್ನೊಂದು ದೃಶ್ಯ ಪುಣ್ಯಕ್ಕೆ ಉಳಿದಿದೆ. ದುಡ್ಡೆಲ್ಲ ಹೋದ ಮೇಲೆ ಖಾಲಿ ಮನೆಯಲ್ಲಿ ಬಾಯ್ಲರಿಗೆ ಒರಗಿ ನೆಲದ ಮೇಲೆ ಕುಸಿದು ಕೂತಿದ್ದಾಳೆ. ಸುಟ್ಟುಕೊಳ್ಳುತ್ತೀಯ ಅಂತ ಜಾರ್ಜ್ ರೇಗುತ್ತಾನೆ. ಬಿಸಿ ಇಲ್ಲ, ತಣ್ಣಗಿದೆ, ಕೊಳಾಯಿಯವರು ಸಂಪರ್ಕ ತೆಗೆದಿದ್ದಾರೆ, ಸುಟ್ಟರೂ ನನಗೇನೂ ಅನ್ನಿಸುವುದಿಲ್ಲ ಅನ್ನುತ್ತಾಳೆ. ಅತ್ತು ನಗುತ್ತಾಳೆ, ನಕ್ಕು ಅಳುತ್ತಾಳೆ. ನಾನು ಈ ದೃಶ್ಯಕ್ಕೆ ಮಾತ್ರ ಸಬ್‌ಟೈಟಲ್ ಆಫ್ ಮಾಡುತ್ತೇನೆ. ಅಕ್ಷರ ಓದುತ್ತಾ ಕೂತರೆ ಆ ದನಿ ತಪ್ಪಿಹೋಗುತ್ತದೆ.

ಡಿಸ್ಕಿನ ಬಗ್ಗೆ. 4ಕೆ ರೆಸ್ಟೊರೇಶನ್ ಬಹಳ ಚೆನ್ನಾಗಿದೆ. ಛಾಯಾಗ್ರಾಹಕ ಸ್ಟ್ಯಾನ್ಲಿ ಕಾರ್ಟೆಜ್ ಮಾಡಿದ ಕಪ್ಪುಗಳಲ್ಲಿ ಎಷ್ಟು ಬಗೆ ಇದೆ ಅನ್ನುವುದು ಈಗಲೇ ಗೊತ್ತಾದದ್ದು. ಆ್ಯಪ್‌ನಲ್ಲಿ ಮೆಟ್ಟಿಲಿನ ದೃಶ್ಯಗಳು ಬರೀ ಮಸಿ ಮುದ್ದೆ. ಇಲ್ಲಿ ಕೈಕಂಬಿಯ ಕೆತ್ತನೆ ಕಾಣುತ್ತದೆ. ಹಿಮದ ದೃಶ್ಯವನ್ನು ಐಸ್ ಕಾರ್ಖಾನೆಯೊಳಗೆ ಚಿತ್ರೀಕರಿಸಿದ್ದು, ನಟರ ಬಾಯಿಂದ ನಿಜವಾದ ಹಬೆ ಬರುತ್ತದೆ. ಜಾರ್ಜನ ಅಪಘಾತದ ಸುದ್ದಿ ಇರುವ ಪತ್ರಿಕೆಯ ಪುಟದಲ್ಲಿ ಡಿಸ್ಕ್ ನಿಲ್ಲಿಸಿ ನೋಡಿ. ಪಕ್ಕದ ಕಾಲಮ್ಮಿನ ಲೇಖಕ ಜೆಡ್ ಲೀಲ್ಯಾಂಡ್, 'ಸಿಟಿಜನ್ ಕೇನ್'ನ ಪಾತ್ರ!

ಜೊತೆಗಿರುವ ಸಾಮಗ್ರಿಯಲ್ಲಿ ರಾಬರ್ಟ್ ಕ್ಯಾರಿಂಜರ್ ಅವರ ವಿವರಣೆಯ ಟ್ರ್ಯಾಕ್ ಮೊದಲು ಕೇಳಿ. ಕಳೆದುಹೋದ ರೂಪ ಹೇಗಿತ್ತು ಅಂತ 1993ರಲ್ಲಿ ಪುಸ್ತಕವನ್ನೇ ಮಾಡಿದವರು ಅವರು. ಸ್ಟುಡಿಯೋವನ್ನೂ ವೆಲ್ಸ್‌ರನ್ನೂ ತೂಗಿ ನೋಡುತ್ತಾರೆ. ಜೇಮ್ಸ್ ನೇರ್‌ಮೋರ್, ಜೊನಾಥನ್ ರೋಸೆನ್‌ಬಾಮ್ ಮಾತಾಡಿರುವ ಇನ್ನೊಂದು ಟ್ರ್ಯಾಕಿನಲ್ಲಿ ವೆಲ್ಸ್ ಮೇಲೆ ಪ್ರೀತಿ ಜಾಸ್ತಿ. ಎರಡೂ ಬೇಕು. ಹರ್ಮನ್ ಸಂಗೀತದ ಬಗ್ಗೆ ಇರುವ ವಿಡಿಯೋ ಪ್ರಬಂಧವನ್ನು ಬಿಡಲೇಬೇಡಿ. ಇದೇ ಕಾದಂಬರಿಯನ್ನು 1925ರಲ್ಲಿ ಮೂಕಿ ಚಿತ್ರ ಮಾಡಿದ್ದರು, ಅದರ ತುಣುಕೂ ಇದೆ. ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಕೊರತೆ ಒಂದಿದೆ. ಕಳೆದ ದೃಶ್ಯಗಳ ಫೋಟೋಗಳನ್ನೂ ಉಳಿದ ದೃಶ್ಯಪಟ್ಟಿಯನ್ನೂ ಸಿನಿಮಾದ ನಡುವೆ ಅದರದರ ಜಾಗದಲ್ಲಿ ಸೇರಿಸಿ ತೋರಿಸುವ ಆಯ್ಕೆ ಇರಬೇಕಿತ್ತು. 'ಗ್ರೀಡ್' ಸಿನಿಮಾಕ್ಕೆ ಹಾಗೆ ಮಾಡಿದ್ದಾರೆ. ಫ್ರ್ಯಾಂಕ್ ನಾರಿಸ್ ಅವರ 1899ರ ಕಾದಂಬರಿಯಿಂದ ಎರಿಕ್ ವಾನ್ ಸ್ಟ್ರೋಹೈಮ್ ಮಾಡಿದ ಆ ಚಿತ್ರ ಮೊದಲು ಎಂಟು ಗಂಟೆಗೂ ಜಾಸ್ತಿ ಇತ್ತು. 1924ರಲ್ಲಿ ಬಿಡುಗಡೆಯಾದದ್ದು ಎರಡೂ ಕಾಲು ಗಂಟೆಯ ಹತ್ತಿರ. 1999ರಲ್ಲಿ ಫೋಟೋಗಳನ್ನು ಜೋಡಿಸಿ ನಾಲ್ಕು ಗಂಟೆಯ ರೂಪ ಕೊಟ್ಟರು. ನೋಡುವಾಗ ಯಾವುದು ಉಳಿದದ್ದು, ಯಾವುದು ಕಳೆದದ್ದು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. 2025ರಲ್ಲಿ ಒಂದು ಕಂಪನಿ ಎಐ ಬಳಸಿ 'ಆಂಬರ್ಸನ್ಸ್'ನ ಕಳೆದ ಭಾಗಗಳನ್ನು ಮತ್ತೆ ಮಾಡುತ್ತೇವೆ ಅಂತ ಹೇಳಿತು. ನನಗೆ ಅದು ಬೇಡ. ಫ್ಯಾನಿಯ ಆ ಕಡೆಯ ಮೌನ ಮೂರ್‌ಹೆಡ್ ಮಾಡಿದ ಕೆಲಸ. ಸ್ಟುಡಿಯೋ ಅವರನ್ನು ಕೇಳದೆ ತೆಗೆಯಿತು, ಈಗ ಅವರನ್ನು ಕೇಳದೆ ಇನ್ನೊಂದು ಮುಖ ಅಂಟಿಸುವುದು ಸರಿಯಲ್ಲ ಅಲ್ವಾ?

ಕೊಳ್ಳುವವರಿಗೆ ಒಂದು ಎಚ್ಚರಿಕೆ: ಬ್ಲೂ-ರೇ 'ಎ' ರೀಜನ್ನಿನದು, ಅಂದರೆ ಅಮೆರಿಕ ಮುಂತಾದ ಕಡೆಯ ಪ್ಲೇಯರ್‌ಗಳಿಗೆ ಮಾಡಿದ್ದು, ನಿಮ್ಮ ಪ್ಲೇಯರ್ ಅದನ್ನು ಓದುತ್ತದಾ ಮೊದಲು ನೋಡಿಕೊಳ್ಳಿ. ಕಾದಂಬರಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ಸಿನಿಮಾ, ಆಮೇಲೆ ಕಾದಂಬರಿ, ಮತ್ತೆ ಸಿನಿಮಾ ಅನ್ನುವುದು ನನ್ನ ಸಲಹೆ. ಎರಡನೇ ಸಲ ನೋಡುವಾಗ ಕತ್ತರಿ ಬಿದ್ದ ಜಾಗದಲ್ಲೆಲ್ಲ ಕಾದಂಬರಿಯ ಹೊಗೆ, ಮಸಿ ತಾನಾಗೇ ಬಂದು ತುಂಬಿಕೊಳ್ಳುತ್ತದೆ. ಆ್ಯಪ್‌ನಲ್ಲೇ ನೋಡುವುದಾದರೆ ಸೆಟಿಂಗ್ಸಿಗೆ ಹೋಗಿ ಆಟೋಪ್ಲೇ ಆಫ್ ಮಾಡಿ.

ಕಡೆಯ ಆ ದನಿಯನ್ನು ನಾನು ಪ್ರತಿ ಸಲವೂ ಪೂರ್ತಿ ಕೇಳುತ್ತೇನೆ. ಕಾದಂಬರಿಕಾರನ ಹೆಸರು ಬರುತ್ತದೆ, ಕಾರ್ಟೆಜ್ ಬರುತ್ತದೆ, ಸಿನಿಮಾವನ್ನು ಕತ್ತರಿಸಬೇಕಾಗಿ ಬಂದ ವೈಸ್ ಹೆಸರೂ ಬರುತ್ತದೆ. ಸಂಗೀತದವರ ಹೆಸರು ಬರುವುದಿಲ್ಲ. ಮೈಕ್ ಹಿಂದೆ ಸರಿಯುವ ಮೊದಲು 'ಬರ್ನಾರ್ಡ್ ಹರ್ಮನ್' ಅಂತ ನಾನೇ ಗಟ್ಟಿಯಾಗಿ ಹೇಳುತ್ತೇನೆ.